ಬಿಳಿ ಆರರಲ್ಲಿ ವಿವಾಲ್ಡಿ

ಹಾರ್ಮೋನಿಯಂ ಬಾರಿಸುವವನಿಗೆ ಸುಮ್ಮನೆ ಕೂರುವುದನ್ನು ಕಲಿಸುವ ಗುರು ಇನ್ನೂ ಹುಟ್ಟಿಲ್ಲ. ಹಾಡುವವರು ಎಲ್ಲಿಗೆ ಹೋದರೂ ಹಿಂದೆಯೇ ಹೋಗುವುದು, ಅವರು ಉಸಿರಿಗೆಂದು ನಿಂತ ಸಂದಿಯಲ್ಲಿ ನಮ್ಮದೊಂದು ತುಂಡು ತೂರಿಸುವುದು, ಅವರಿಗೆ ಶ್ರುತಿ ತಪ್ಪಿದರೆ ಇನ್ನಷ್ಟು ಜೋರಾಗಿ ಬಾರಿಸಿ ತಪ್ಪಿದ್ದು ಯಾರೆಂದು ಸಭೆಗೆ ತಿಳಿಸುವುದು, ಇಷ್ಟು ನಮ್ಮ ವಿದ್ಯೆ. ಇಕ್ಕೇರಿಯ ಆಸುಪಾಸಿನ ಭಜನೆಗಳಲ್ಲಿ ನಾನು ತಕ್ಕಮಟ್ಟಿಗೆ ಹೆಸರು ಮಾಡಿರುವುದು ಈ ವಿದ್ಯೆಯಿಂದಲೇ. ಅಂಥವನಿಗೆ, ದೀಪಾವಳಿಗೆಂದು ಬೆಂಗಳೂರಿನಿಂದ ಬಂದ ತಮ್ಮನ ಮಗಳು ಒಂದು ಕೆಲಸ ಕೊಟ್ಟಳು: ಏಳು ಆವರ್ತ ಬಾಯಿ ಮುಚ್ಚಿಕೊಂಡಿರುವುದು.

ಕೂಸಿಗೆ ಹದಿನೈದು ತುಂಬಿದೆ. ಕಲಿಯುತ್ತಿರುವುದು ಪಾಶ್ಚಾತ್ಯ ಪಿಟೀಲು. ಚಕ್ಕಳಮಕ್ಕಳ ಹಾಕಿ ಪಾದದ ಮೇಲೆ ಇಳಿಬಿಟ್ಟು ನುಡಿಸುವುದಲ್ಲ. ನಿಂತು, ಗಲ್ಲಕ್ಕೆ ಕೊಟ್ಟು, ನುಡಿಸುವಷ್ಟು ಹೊತ್ತೂ ಯಾರ ಮೇಲೋ ಸಿಟ್ಟು ಬಂದವರ ಹಾಗೆ ಹುಬ್ಬು ಗಂಟು ಹಾಕಿಕೊಳ್ಳುವುದು. ಮುಂದಿನ ತಿಂಗಳು ಅಲ್ಲೊಂದು ಆರ್ಕೆಸ್ಟ್ರಾದ ಮುಂದೆ ನಿಂತು ವಿವಾಲ್ಡಿಯ ಎ ಮೈನರ್ ಕಾನ್ಚೆರ್ಟೊ ನುಡಿಸುವುದಿತ್ತು. ಆರ್ಕೆಸ್ಟ್ರಾ ಎಂದರೆ ಸಂಬಳದವರಲ್ಲವಂತೆ. ವಾರವೆಲ್ಲ ಬ್ಯಾಂಕು, ಆಸ್ಪತ್ರೆ, ಕಂಪ್ಯೂಟರು ಎಂದು ದುಡಿದು, ಭಾನುವಾರ ಪೆಟ್ಟಿಗೆ ಹೊತ್ತು ತಂದು ಕೂಡಿ ಬಾರಿಸುವವರು. ಹೊರದೇಶಗಳಲ್ಲಿ ಸಣ್ಣ ಸಣ್ಣ ಊರಿಗೂ ಇಂಥದೊಂದು ಇರುತ್ತದೆ. ವರ್ಷಕ್ಕೊಮ್ಮೆ ಊರಿನ ಒಂದು ಎಳೆಯ ಮಗುವನ್ನು ಮುಂದೆ ನಿಲ್ಲಿಸಿ, ಡಾಕ್ಟರು ಮಾಸ್ತರರೆಲ್ಲ ಅದರ ಹಿಂದೆ ಕೂರುತ್ತಾರೆ.

‘ಹಿಮ್ಮೇಳ ಇಲ್ದೆ ಹ್ಯಾಂಗೆ ಅಭ್ಯಾಸ ಮಾಡ್ತೆ?’ ಎಂದೆ.

ಫೋನು ತೋರಿಸಿದಳು. ಅದರಲ್ಲಿ ಆರ್ಕೆಸ್ಟ್ರಾ ಇತ್ತು. ‘ಆದ್ರೆ ಇದು ನನ್ನನ್ನ ಕಾಯಲ್ಲ ದೊಡ್ಡಪ್ಪ. ನಾನು ತಪ್ಪಿದ್ರೂ ಅದರ ಪಾಡಿಗೆ ಅದು ಹೋಗ್ತಾ ಇರುತ್ತೆ.’

ತಪ್ಪಿದರೂ ಕಾಯದ ಹಿಮ್ಮೇಳವೇ! ನನ್ನೊಳಗಿನ ಹಾರ್ಮೋನಿಯಂ ಎದ್ದು ಕೂತಿತು. ‘ಯಂಗ ಎಲ್ಲ ಇದ್ಯಲೆ ಕೂಸೆ’ ಎಂದುಬಿಟ್ಟೆ.

ಒಳಗಿನಿಂದ ನನ್ನವಳು ಕೆಮ್ಮಿದಳು. ಅವಳ ಕೆಮ್ಮಿಗೆ ಅರ್ಥವಿರುತ್ತದೆ. ಅದಕ್ಕೇ ಸ್ವಲ್ಪ ಇತಿಹಾಸ ಹೇಳಬೇಕಾಯಿತು. ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೊ ವಾದಕರಾಗಬೇಕೆಂದಿದ್ದವರು. 1940ರಲ್ಲಿ ಒಂದೇ ವರ್ಷ ತಂದೆಯೂ ದೊಡ್ಡಪ್ಪನೂ ತೀರಿಕೊಂಡು, ಇಪ್ಪತ್ತೊಂದಕ್ಕೆ ಸಿಂಹಾಸನ ಮೈಮೇಲೆ ಬಿತ್ತು. ಆಸೆ ಹೋಯಿತು, ಹುಚ್ಚು ಹೋಗಲಿಲ್ಲ. ಲಂಡನ್ನಿನಲ್ಲಿ ಮುಪ್ಪಿನ ಕಷ್ಟದಲ್ಲಿದ್ದ ರಷ್ಯದ ನಿಕೊಲಾಯ್ ಮೆಟ್ನರನ ಮೂರೂ ಪಿಯಾನೊ ಕಾನ್ಚೆರ್ಟೊಗಳನ್ನು ಅವನ ಕೈಯಿಂದಲೇ, ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದ ಜೊತೆ ನುಡಿಸಿ ಧ್ವನಿಮುದ್ರಿಸಲು ಹಣ ಕೊಟ್ಟರು. ಆತ ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದ. 1950ರಲ್ಲಿ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಸಿದ ಕಛೇರಿಗೂ ಇವರದೇ ಹಣ. ಈ ಮಹಾರಾಜರ ಸಂಸ್ಥಾನದಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯೂ ಇತ್ತಷ್ಟೆ? ನನ್ನ ಅಜ್ಜ ಅಡಿಕೆ ತೋಟಕ್ಕೆ ಕಟ್ಟಿದ ಕಂದಾಯದಲ್ಲಿ ಲಂಡನ್ನಿನ ಯಾವುದೋ ಪಿಟೀಲಿಗೆ ಒಂದು ತಂತಿಯಾದರೂ ಬಂದಿರಬೇಕು. ಆರ್ಕೆಸ್ಟ್ರಾ ನಮ್ಮ ಮನೆತನಕ್ಕೆ ಹೊಸದಲ್ಲ.

‘ಕಂದಾಯ ಕೊಟ್ಟವೆಲ್ಲ ಬಾರ್ಸಲೆ ಕೂತ್ರೆ ಆಗ್ತಾ?’ ಎಂದಳು ಒಳಗಿನಿಂದ.

ಆಗುತ್ತದೆ. ಎರಡು ಫೋನಿಗೆ ಆರ್ಕೆಸ್ಟ್ರಾ ಸೇರಿತು. ಹೊಸನಗರದ ಕಡೆಯಿಂದ ಮದ್ದಳೆಯ ಸಮೇತ ಭಾವ ಬಂದ. ತಾಳಕ್ಕೆ ನಿವೃತ್ತ ಗಣಿತದ ಮಾಸ್ತರರು. ತೀರ್ಥಹಳ್ಳಿಯ ಮಗಳ ಮನೆಗೆ ಹೊರಟಿದ್ದವರನ್ನು ಬಸ್‌ಸ್ಟ್ಯಾಂಡಿನಿಂದ ವಾಪಸು ಕರೆಸಿದ್ದು. ಹೆಂಗಸರ ಭಜನಾ ಮಂಡಳಿಯಿಂದ ಐದಾರು ಜನ. ಎಲ್ಲರೂ ಬಂದು, ಕವಳ ಹಾಕಿ, ಎಲೆಚುಕ್ಕಿ ರೋಗಕ್ಕೆ ಯಾರ್‍ಯಾರು ಏನೇನು ಹೊಡೆಸಿದರು ಎಂಬುದು ಮುಗಿಯುವವರೆಗೆ ಕೂಸು ಬಿಲ್ಲಿಗೆ ರಾಳ ಉಜ್ಜುತ್ತ ನಿಂತಿತ್ತು.

ಮೊದಲ ತಕರಾರು ಶ್ರುತಿಯದು. ಅವಳ ‘ಎ’ ಎಂದರೆ ನನ್ನ ಪೆಟ್ಟಿಗೆಯ ಆರನೇ ಬಿಳಿ ಮನೆ, ಬಿಳಿ ಆರು. ಅವಳು ಫೋನಿನಲ್ಲಿ 440 ಎಂದು ನೋಡಿ ತಂತಿ ಕಟ್ಟಿದ್ದಳು. ನನ್ನ ಬಿಳಿ ಆರು ಅದಕ್ಕಿಂತ ಕೂದಲೆಳೆ ಮೇಲೆ ಉಳಿದುಕೊಂಡು ಬಂದಿದೆ. ನಾನು ತಿದ್ದಿಕೊಳ್ಳಬೇಕೆಂದರೆ ಪೆಟ್ಟಿಗೆ ಬಿಚ್ಚಿ ರೀಡು ಕೆರೆಯಬೇಕು, ಅವಳು ಕಿವಿ ಹಿಂಡಿದರೆ ಸಾಕು. ಹಿಂಡಿದಳು. ಎಳೆಯರು ಹಿರಿಯರಿಗೆ ಹೊಂದಿಕೊಂಡು ಹೋಗುವುದನ್ನು ನೋಡಿದರೆ ಸಂತೋಷವಾಗುತ್ತದೆ.

ಇನ್ನೊಂದು ತಕರಾರು ತಾಳದ್ದು. ಮಾಸ್ತರರು ಏಕತಾಳ ಎಂದರು. ಭಾವ, ಏಕವೇ ಇರಲಿ, ಆದರೆ ಮದ್ದಳೆ ಗುಡುಗಿ ಮುಗಿಸುವ ಬಿಡ್ತಿಗೆ ಎಲ್ಲಿ ಎಂದ. ಬಿಡ್ತಿಗೆ ಇಲ್ಲ ಎಂದಳು ಕೂಸು. ಬಿಡ್ತಿಗೆಯೇ ಇಲ್ಲದ ಸಂಗೀತವನ್ನು ಜನ ಹೇಗೆ ಕೇಳುತ್ತಾರೆಂದು ಭಾವ ಅಂದಿನಿಂದ ಇಂದಿನವರೆಗೂ ಕೇಳುತ್ತಿದ್ದಾನೆ.

ಆದರೆ ಒಂದು ಮಾತು ಹೇಳಬೇಕು. ಕೂಸು ಇಡೀ ರಚನೆಯನ್ನು ನಮ್ಮ ಯೋಗ್ಯತೆಗೆ ಇಳಿಸಿ ಬರೆದುಕೊಂಡಿದ್ದಳು. ಎಲ್ಲರೂ ಸೇರಿ ನುಡಿಸುವ ಒಂದು ಗಟ್ಟಿ ತುಂಡು ಮೊದಲಿಗೆ ಬರುತ್ತದೆ. ಆಮೇಲೆ ಪಿಟೀಲು ಒಂಟಿಯಾಗಿ ಎಲ್ಲೆಲ್ಲೋ ಅಲೆಯುತ್ತದೆ. ಮತ್ತೆ ಎಲ್ಲರೂ ಸೇರಿ ಆ ತುಂಡಿಗೆ ಬರುತ್ತೇವೆ, ಒಮ್ಮೆ ಇಡಿಯಾಗಿ, ಒಮ್ಮೆ ಅರ್ಧ, ಒಮ್ಮೆ ಬೇರೆ ಶ್ರುತಿಯಲ್ಲಿ. ಭಜನೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಅತ್ತಿಗೆಯಂತೂ ಎರಡನೇ ಸಲ ಕೇಳುವಾಗಲೇ ‘ಓ, ಇದು ಪಲ್ಲವಿ’ ಎಂದು ತನನ ಹಾಕಿ ಹಾಡಿಬಿಟ್ಟಳು. ಹೆಂಗಸರು ಕಷಾಯ ಕುದಿಯುವಷ್ಟರಲ್ಲಿ ಕಲಿತದ್ದನ್ನು ಗಂಡಸರು ಕೊನೆಯವರೆಗೂ ಕಲಿಯಲಿಲ್ಲ, ಅದನ್ನು ಬಿಡಿ. ಇಂಥ ಹನ್ನೆರಡು ಕಾನ್ಚೆರ್ಟೊಗಳ ಕಟ್ಟು ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದದ್ದು 1711ರಲ್ಲಿ. ಅದರಲ್ಲಿ ಎರಡನ್ನು ಬಾಖ್ ಎಂಬ ಮಹಾನುಭಾವ ಆರ್ಗನ್ನಿಗೆ ಇಳಿಸಿದ್ದಾನೆ. ಆರ್ಗನ್ನೆಂದರೆ ಗಾಳಿಯ ವಾದ್ಯ, ಹಾರ್ಮೋನಿಯಮ್ಮಿನ ಅಣ್ಣನ ವಾವೆ. ಇದನ್ನು ನಾನು ಅಡುಗೆಮನೆಗೆ ಕೇಳಿಸುವ ಹಾಗೆ ಹೇಳಿದೆ.

ಇನ್ನು ಆ ಏಳು ಆವರ್ತ.

ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಸಭೆ. ಅಡಿಕೆ ಸುಲಿಯಲು ಬಂದವರು, ಹಬ್ಬಕ್ಕೆ ಬಂದ ನೆಂಟರು, ಎರಡು ನಾಯಿ. ಗಟ್ಟಿ ತುಂಡು ಘನವಾಗಿ ಆಯಿತು. ಪಿಟೀಲು ಒಂಟಿಯಾಗಿ ಹೊರಟಿತು. ನಾನು ಎಣಿಸಲು ಕೂತೆ. ಬಾಯಲ್ಲಿ ಕವಳ ಇದ್ದುದರಿಂದ ಬಾಯಲ್ಲಿ ಎಣಿಸುವಂತಿಲ್ಲ. ಎಡಗೈ ತಿದಿಯ ಮೇಲೆ. ತಿದಿ ಬಿಟ್ಟರೆ ಆಮೇಲೆ ಗಾಳಿ ತುಂಬುವುದು ತಡವಾಗುತ್ತದೆಂದು ಮೆಲ್ಲಗೆ ಎಳೆಯುತ್ತಲೇ ಇದ್ದೆ. ಉಳಿದದ್ದು ಬಲಗೈ. ಅದು ಅಭ್ಯಾಸಬಲದಿಂದ ಬಿಳಿ ಆರರ ಮೇಲೆ ಹೋಗಿ ಕೂರುತ್ತಿತ್ತು. ಅದನ್ನು ಎಬ್ಬಿಸಿ ತೊಡೆಯ ಮೇಲಿಟ್ಟೆ. ಒಂದು. ಪಿಟೀಲು ಮೇಲೆ ಹತ್ತಿತು; ಅಲ್ಲಿ ಒಂದು ಗಾಂಧಾರ ಕೊಟ್ಟಿದ್ದರೆ ಎಷ್ಟು ಚೆಂದವಿತ್ತು! ಕೊಡಲಿಲ್ಲ. ಎರಡು. ಕೂಸು ಒಂದು ಕ್ಷಣ ಉಸಿರು ತೆಗೆದುಕೊಂಡಿತು. ಸಂದಿ! ಇಷ್ಟಗಲ ಸಂದಿ, ಯಾರೂ ತೂರದೆ ಹಾಗೇ ಹಾಳಾಗಿ ಹೋಯಿತು. ನನ್ನ ಜೀವಮಾನದಲ್ಲಿ ಅಂಥ ಸಂದಿಯೊಂದನ್ನು ಬಿಟ್ಟುಕೊಟ್ಟದ್ದು ಅದೇ ಮೊದಲು. ಬೆರಳು ತೊಡೆಯ ಮೇಲೆಯೇ ಪಂಚೆಯ ಮೇಲೊಂದು ಹರಕತ್ತು ಬಾರಿಸಿಕೊಂಡು ಸಮಾಧಾನ ಮಾಡಿಕೊಂಡಿತು. ಮೂರು. ಮಾಸ್ತರರು ನನ್ನತ್ತ ನೋಡಿದರು. ನಲವತ್ತು ವರ್ಷ ಹಿಂದಿನ ಬೆಂಚಿನವರನ್ನು ನೋಡಿದ ಕಣ್ಣು ಅದು. ನಾಲ್ಕು.

ನಾಲ್ಕಕ್ಕೆ ಸರಿಯಾಗಿ ನನ್ನವಳು ತಟ್ಟೆ ಹಿಡಿದು ಬಗ್ಗಿ, ಕಿವಿಯ ಹತ್ತಿರ, ‘ಕಷಾಯಕ್ಕೆ ಬೆಲ್ಲ ಹಾಕಿದ್ದೋ, ಸಪ್ಪೆಯೋ?’ ಎಂದಳು.

ಉತ್ತರ ಕೊಟ್ಟರೆ ಎಣಿಕೆ ಹೋಗುತ್ತದೆ. ಕೊಡದಿದ್ದರೆ ಅವಳು ಮತ್ತೊಮ್ಮೆ, ಸ್ವಲ್ಪ ಜೋರಾಗಿ ಕೇಳುತ್ತಾಳೆ. ನಾಲ್ಕರಲ್ಲಿದ್ದೇನೆ, ಮಾತಾಡಿಸಬೇಡ ಎಂದು ನಾಲ್ಕು ಬೆರಳು ಎತ್ತಿ ತೋರಿಸಿದೆ. ಅವಳು ಕಣ್ಣರಳಿಸಿ, ‘ನಾಲ್ಕಾ? ಡಾಕ್ಟರು ಎಂತ ಹೇಳಿದ್ದು ನೆನಪಿದ್ದಾ?’ ಎನ್ನುತ್ತಲೇ ನಾಲ್ಕು ತೊಡೆದೇವು ಎತ್ತಿ ಹಾರ್ಮೋನಿಯಮ್ಮಿನ ಮೇಲಿಟ್ಟಳು. ಆ ಕಡೆ ಭಾವ. ಬಿಡ್ತಿಗೆ ಬೇಕೆಂದು ಬೆಳಗಿನಿಂದ ಕೈ ಕಡಿಯುತ್ತ ಕೂತ ಮನುಷ್ಯ. ನನ್ನ ಕೈ ಮೇಲೆದ್ದದ್ದು ಕಂಡದ್ದೇ ತಡ, ಇದು ತನಗೇ ಕೊಟ್ಟ ಸನ್ನೆ ಎಂದುಕೊಂಡ. ಮದ್ದಳೆ ಗುಡುಗಿತು. ಅದು ಯಕ್ಷಗಾನದಲ್ಲಿ ರಾಜ ಸಭೆಗೆ ಬರುವಾಗ ಹಾಕುವಂಥದು, ಸಣ್ಣದಲ್ಲ. ಮದ್ದಳೆ ಮುಗಿಸಿದ ಕಡೆ ತಾಳ ಬೀಳದಿದ್ದರೆ ಅಪಚಾರವಲ್ಲವೆ? ಮಾಸ್ತರರ ಕೈ ಗಣಿತವನ್ನು ಕೇಳದೆ ಬಡಿಯಿತು. ತಾಳ ಬಿದ್ದ ಮೇಲೆ ಹೆಂಗಸರು ಪಲ್ಲವಿ ಎತ್ತದಿರುತ್ತಾರೆಯೆ? ಎತ್ತಿದರು, ಅತ್ತಿಗೆಯ ಮುಂದಾಳುತನದಲ್ಲಿ. ಅಷ್ಟು ಜನ ಹೊರಟ ಮೇಲೆ ನಾನೊಬ್ಬ ‘ಐದು’ ಎಂದು ಕೂರುವುದು ಸಮಾಜದಲ್ಲಿ ಇರುವವರ ಲಕ್ಷಣವಲ್ಲ. ತೊಡೆದೇವಿನ ಪುಡಿಯ ಸಮೇತ ಬಿಳಿ ಆರರ ಮೇಲೆ ಬಿದ್ದೆ.

ಕೂಸು ಮಧ್ಯದಲ್ಲೆಲ್ಲೋ ಭಾರೀ ವೇಗದಲ್ಲಿತ್ತು. ಬಿಲ್ಲು ಒಂದು ಮಿಡಿತ ನಿಂತಿತು. ಆಮೇಲೆ, ನೋಡಿ, ಒಂದೇ ನೆಗೆತಕ್ಕೆ ಬಂದು ನಮ್ಮ ಪಲ್ಲವಿಗೆ ಸೇರಿಕೊಂಡಳು! ಇಡೀ ಊರು ಅವಳ ಮಾತು ಕೇಳಿಯೇ ಬಂದದ್ದು ಎಂಬಂಥ ಮುಖ. ವೇಷಧಾರಿ ಮಾತು ಮರೆತಾಗ ಭಾಗವತ ಪದ ಎತ್ತಿ ಕಾಪಾಡುವುದನ್ನು ಕಂಡಿದ್ದೇನೆ. ಭಾಗವತನಿಗೆ ಒಂದನೇ ವೇಷ ಎನ್ನುವುದು ಸುಮ್ಮನಲ್ಲ. ಆದರೆ ಹಿಮ್ಮೇಳವೇ ಒಟ್ಟಾಗಿ ಓಡಿಹೋದಾಗ ಮುಂದೆ ನಿಂತವರು ಹಿಂದಿರುಗಿ ಬಂದು ಕರೆದುಕೊಂಡು ಹೋದದ್ದನ್ನು ಅಂದೇ ಕಂಡದ್ದು. ಸಭೆ ಚಪ್ಪಾಳೆ ಹೊಡೆಯಿತು. ಹೊಡೆದದ್ದು ಮದ್ದಳೆಗೆ ಎಂದು ಭಾವನ ಖಚಿತ ನಂಬಿಕೆ.

ನಡುವಿನ ನಿಧಾನದ ಭಾಗ ಚೆನ್ನಾಗಿಯೇ ಆಯಿತು. ಕೊನೆಯ ವೇಗದ ಭಾಗದ ಬಗ್ಗೆ ಯಾರೂ ಕೇಳದಿದ್ದರೆ ನಾನೂ ಹೇಳುವುದಿಲ್ಲ.

ಮಂಗಳವಾದ ಮೇಲೆ ನೆಂಟರೊಬ್ಬರು, ಇಡೀ ಹೊತ್ತು ಫೋನು ಹಿಡಿದು ನಮ್ಮ ಕಣ್ಣಿಗೆ ಬೆಳಕು ಬಿಟ್ಟವರು, ಎಲೆಗೆ ಸುಣ್ಣ ಹಚ್ಚುತ್ತ, ‘ಇದೆಲ್ಲ ನಮ್ಮ ಸಂಸ್ಕೃತಿಯೋ?’ ಎಂದರು. ನನಗೆ ಸುಮ್ಮನಿರಲು ಬರುವುದಿಲ್ಲವೆಂದು ಮೊದಲೇ ಹೇಳಿದ್ದೇನೆ. ನಮ್ಮ ಕಛೇರಿಯ ಪಿಟೀಲು ಎಲ್ಲಿಯದು? ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿನವರಿಂದ ಕಲಿತದ್ದು. ಭಜನೆಯ ಹಾರ್ಮೋನಿಯಂ ಪ್ಯಾರಿಸ್ಸಿನದು. ಅದನ್ನು ಪರದೇಶಿ ಎಂದೇ 1940ರಿಂದ ಮೂರು ದಶಕ ನಮ್ಮ ಆಕಾಶವಾಣಿ ಹೊರಗಿಟ್ಟಿತ್ತು. ಅಷ್ಟೇಕೆ, 1623ರ ನವೆಂಬರಿನಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯವನು ಇದೇ ಇಕ್ಕೇರಿಗೆ ಬಂದಿದ್ದ. ಆಗ ವೆಂಕಟಪ್ಪ ನಾಯಕನ ಕಾಲ. ಅವನೂ ಸಂಗೀತಗಾರನೇ. ಇಕ್ಕೇರಿಯ ಬೀದಿಯಲ್ಲಿ ಹುಡುಗಿಯರು ಕೋಲು ಹಿಡಿದು ಹಾಡುತ್ತ ಕುಣಿದದ್ದನ್ನು ನಿಂತು ನೋಡಿ ಬರೆದಿಟ್ಟಿದ್ದಾನೆ. ಇದು ನಮ್ಮ ಸಂಸ್ಕೃತಿಯೋ ಎಂದು ಕೇಳಲಿಲ್ಲ.

ಅವನು ಬರೆದದ್ದರಲ್ಲಿ ಇನ್ನೊಂದಿದೆ, ಅದನ್ನು ನೆಂಟರಿಗೆ ಹೇಳಲಿಲ್ಲ. ಘಟ್ಟದ ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ನಾಲ್ಕು ಹುಡುಗರು ಮರಳಿನಲ್ಲಿ ಬೆರಳಿನಿಂದ ಬರೆಯುತ್ತ, ರಾಗವಾಗಿ ಹಾಡಿಕೊಂಡು ಲೆಕ್ಕ ಕಲಿಯುತ್ತಿದ್ದರಂತೆ. ಗುರು ಇಲ್ಲದೆಯೇ, ಒಬ್ಬರಿಗೊಬ್ಬರು. ಅವನು ಬೆರಗಾದನಂತೆ. ಆ ಹುಡುಗರ ಸೀಮೆಯವನಾದ ನನಗೆ ಏಳರವರೆಗೆ ಹೋಗಲಾಗಲಿಲ್ಲ.

ಜನ ಹೋದ ಮೇಲೆ ಭಾವ ಮದ್ದಳೆಗೆ ಚೀಲ ಹಾಕುತ್ತಿದ್ದ. ವಿವಾಲ್ಡಿ ಯಾರೆಂದು ಕೂಸನ್ನು ಕೇಳಿದ. ವೆನಿಸ್ಸಿನಲ್ಲಿ ಒಬ್ಬ ಪಾದ್ರಿ, ಕೆಂಪು ಕೂದಲಿನವನು, ಒಂದು ಅನಾಥಾಲಯದ ಹೆಣ್ಣುಮಕ್ಕಳಿಗೆ ಪಿಟೀಲು ಕಲಿಸುತ್ತಿದ್ದ, ಅವರಿಗೆಂದೇ ಎಷ್ಟೋ ಕಾನ್ಚೆರ್ಟೊ ಬರೆದ, ಅವರು ಜಾಲರಿಯ ಹಿಂದೆ ನಿಂತು ನುಡಿಸಿದರೆ ದೂರದೂರದಿಂದ ಜನ ಕೇಳಲು ಬರುತ್ತಿದ್ದರು ಎಂದಳು. ಭಾವ ಚೀಲದ ದಾರ ಬಿಗಿಯುತ್ತ, ‘ಅಂವಂಗೆ ಮಕ್ಕ ಇದ್ದಿದ್ದೊ’ ಎಂದ. ಸ್ವಲ್ಪ ತಡೆದು, ‘ಯಂಗಕ್ಕೆ ಹಿಮ್ಮೇಳ ಇದ್ದು. ಮುಮ್ಮೇಳ ಪೂರಾ ಬೆಂಗ್ಳೂರಲ್ಲಿ ಇದ್ದು’ ಎಂದ.

ಅವನ ಮಗ ಅಲ್ಲೇ ಇದ್ದಾನೆ. ಹುಡುಗನಾಗಿದ್ದಾಗ ಅಪ್ಪನ ಪಕ್ಕ ಕೂತು ಚಂಡೆ ಬಾರಿಸುತ್ತಿದ್ದ, ಕೈ ಚೆನ್ನಾಗಿತ್ತು. ಈ ಸಲ ಹಬ್ಬಕ್ಕೆ ರಜೆ ಸಿಗಲಿಲ್ಲ. ಅಂದು ಜಗಲಿಯಲ್ಲಿ ಬಾರಿಸಿದವರಲ್ಲಿ ಅರವತ್ತು ದಾಟದವರು ಕೂಸು ಒಬ್ಬಳೇ ಎಂಬುದನ್ನು ನಾನು ಆಗ ನೋಡಿದೆ.

ಬೆಂಗಳೂರಿನ ಕಾರ್ಯಕ್ರಮ ಚೆನ್ನಾಗಿ ಆಯಿತಂತೆ. ಅಲ್ಲಿಯವರು ಏಳು ಎಣಿಸಿ ಎಂಟಕ್ಕೆ ಸರಿಯಾಗಿ ಬಂದರಂತೆ. ಬರಲಿ, ಅವರಿಗೆ ಯಾರೂ ನಡುವೆ ಕಷಾಯ ಕೊಡುವುದಿಲ್ಲ.

ಮುಂದಿನ ವರ್ಷಕ್ಕೆ ಮೆಂಡೆಲ್‌ಸನ್ನನ ಪಿಟೀಲು ಕಾನ್ಚೆರ್ಟೊ ಎಂದಿದ್ದಾಳೆ. 1845ರಲ್ಲಿ ಲೈಪ್‌ಜಿಗ್‌ನಲ್ಲಿ ಮೊದಲು ನುಡಿಸಿದ್ದು, ವಿವಾಲ್ಡಿಯದಕ್ಕಿಂತ ತುಂಬ ಕಷ್ಟದ್ದು. ಮೊದಲ ಭಾಗ ಮುಗಿದು ಇಡೀ ಆರ್ಕೆಸ್ಟ್ರಾ ನಿಂತಾಗ ಬಸೂನ್ ಎಂಬ ಒಂದು ಉದ್ದದ ಊದುವಾದ್ಯ ಮಾತ್ರ ನಿಲ್ಲಿಸುವುದಿಲ್ಲ. ಒಂದೇ ಸ್ವರ ಹಿಡಿದುಕೊಂಡೇ ಇದ್ದು ಎರಡನೇ ಭಾಗಕ್ಕೆ ದಾಟಿಸುತ್ತದೆ. ಎಲ್ಲರೂ ಸುಮ್ಮನಾದಾಗ ಸುಮ್ಮನಾಗದವನೊಬ್ಬ ಬೇಕು. ‘ಅದು ನಿಂಗೇ ದೊಡ್ಡಪ್ಪ’ ಎಂದಿದ್ದಾಳೆ.

ಬಿಳಿ ಏಳು. ಊಟವಾದ ಮೇಲೆ ಅಭ್ಯಾಸ ಶುರುಮಾಡಿದ್ದೇನೆ. ನನ್ನವಳು ಬಾಗಿಲು ಹಾಕಿಕೊಳ್ಳುತ್ತಾಳೆ. ಭಾವ ಹೊಸನಗರದಿಂದ ದಿನ ಬಿಟ್ಟು ದಿನ ಫೋನು ಮಾಡಿ, ಅದರಲ್ಲಿ ಬಿಡ್ತಿಗೆ ಇದ್ದೋ ಇಲ್ಯೋ ಎಂದು ವಿಚಾರಿಸುತ್ತಿದ್ದಾನೆ. ಇದ್ದು ಎಂದು ಹೇಳಿದ್ದೇನೆ.