ಸಿಗ್ನಲ್ ಮೀಮಾಂಸೆ: ತಾಳವಾಡಿ ಪ್ರಕರಣ

ತಾಳವಾಡಿ ಬೆಟ್ಟಸೀಮೆಯಲ್ಲಿ ಮನುಷ್ಯಸಂಬಂಧ ನಿಂತಿರುವುದು ಸಿಗ್ನಲಿನ ಮೇಲೋ, ಸಿಗ್ನಲ್ ಸಿಗದಿರುವುದರ ಮೇಲೋ ಎಂಬುದೇ ಇಲ್ಲಿನ ವಿಷಯ. ಇದನ್ನು ಓದಲು ಅಧಿಕಾರಿಗಳು, ರೀಚಾರ್ಜ್ ಮಾಡಿಸಿದ ಸಮಸ್ತರು. ಪ್ರಯೋಜನ? ಶಾಸ್ತ್ರಕ್ಕೆ ಅಷ್ಟು ಆತುರ ಸಲ್ಲದು.

ಕ್ಷೇತ್ರನಿರ್ಣಯ: 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು, ಕನ್ನಡವಾಡುವ ತಾಳವಾಡಿ ಮದರಾಸಿನಲ್ಲೇ ಉಳಿಯಿತು, ಈಗ ಈರೋಡ್ ಜಿಲ್ಲೆ. ಈ ವಿಂಗಡಣೆಗೆ ಮನುಷ್ಯರು ಒಗ್ಗಿಕೊಂಡರು, ಟವರುಗಳು ಒಗ್ಗಲಿಲ್ಲ. ಗಡಿಯಂಚಿನ ಜಗಲಿಯಲ್ಲಿ ಸುಮ್ಮನೆ ಕೂತವನಿಗೆ ಮೊಬೈಲು ಕರ್ನಾಟಕದ ಸ್ವಾಗತ ಕೋರುತ್ತದೆ. ಹಿತ್ತಲಿಗೆ ಹೋದರೆ ತಮಿಳುನಾಡಿನದು. ಎಮ್ಮೆಗೆ ನೀರು ಕುಡಿಸಿ ಬರುವಷ್ಟರಲ್ಲಿ ಎರಡು ರಾಜ್ಯಗಳಿಂದ ಸ್ವಾಗತ ಪಡೆಯುವ ಯೋಗ ರಾಷ್ಟ್ರಪತಿಗಳಿಗೂ ಇಲ್ಲ. ಬಂದ ಕರೆಗೂ ರೋಮಿಂಗ್ ಕಾಸು ಕೀಳುತ್ತಿದ್ದ ಕಾಲದಲ್ಲಿ ಚಾಮರಾಜನಗರದ ಬೀಗರು ಹಿತ್ತಲಲ್ಲಿ ಅಗ್ಗ, ಜಗಲಿಯಲ್ಲಿ ದುಬಾರಿ.

ಕಾಲನಿರ್ಣಯ: ಮೊದಲನೆಯದು ಕ್ಯಾಸೆಟ್ ಯುಗ. 2000ದ ಜುಲೈ 30ರ ರಾತ್ರಿ ಇದೇ ಸೀಮೆಯ ದೊಡ್ಡ ಗಾಜನೂರಿನಿಂದ ಡಾ. ರಾಜ್‌ಕುಮಾರರನ್ನು ಎಳೆದೊಯ್ದ ಕಾಡುಗಳ್ಳ ವೀರಪ್ಪನ್ ಕರ್ನಾಟಕದ ಮುಖ್ಯಮಂತ್ರಿಗೆ ಕಳಿಸಿದ್ದು ಕ್ಯಾಸೆಟ್. 108 ದಿನ ಎರಡು ರಾಜ್ಯಗಳು ಕಾಡಿನ ಮಾತಿಗೆ ಕಾದವು. ಈಗ ವಾಟ್ಸಾಪಿನ ನೀಲಿ ಗೆರೆ ಹತ್ತು ನಿಮಿಷ ತಡವಾದರೆ ನಿಶ್ಚಿತಾರ್ಥ ಮುರಿಯುತ್ತದಾದ್ದರಿಂದ ಪ್ರಗತಿ ಸಿದ್ಧ.

ಸುವರ್ಣಯುಗವೆಂದರೆ ಮಿಸ್ಡ್ ಕಾಲಿನದು. ಮಗ ಸತ್ಯಮಂಗಲದಲ್ಲಿ ಬಸ್ಸು ಹತ್ತಿದ. ಬಣ್ಣಾರಿಯಲ್ಲಿ ಒಂದು ರಿಂಗು. 27 ಹೇರ್‌ಪಿನ್ ತಿರುವು ಹತ್ತಿ ದಿಂಬಂನಲ್ಲಿ ಎರಡು. ಹಾಸನೂರಿನಲ್ಲಿ ಮೂರು, ಅವ್ವ ಎಸರಿಡಬೇಕು. ರಿಂಗೇ ಬರದಿದ್ದರೆ ಅನುಮಾನಪ್ರಮಾಣ: ರಸ್ತೆಯಲ್ಲಿ ಆನೆ, ಇಲ್ಲವೇ ಮಗನಿಗೆ ನಿದ್ದೆ. ಕೈತಪ್ಪಿ ಫೋನೆತ್ತಿದರೆ ಮಾತ್ರ ಶಬ್ದಪ್ರಮಾಣ: “ಯಾಕವ್ವ ಎತ್ಬುಟ್ಟೆ, ಕಾಸು ಹೋಯ್ತಲ್ಲ!” ಈಗ ಅನ್‌ಲಿಮಿಟೆಡ್ ಪ್ಯಾಕಿದೆ. ಮಗ ಲೈವ್ ಲೊಕೇಶನ್ ಕಳಿಸಿ ಕಿವಿಗೆ ಹಾಡು ಸಿಕ್ಕಿಸಿಕೊಳ್ಳುತ್ತಾನೆ. ಅವ್ವ ನೀಲಿ ಚುಕ್ಕೆಗೆ ಅನ್ನ ಬಡಿಸುವುದೆಂತು?

ಪೂರ್ವಪಕ್ಷ: ವಿಡಿಯೋ ಕಾಲಿರುವಾಗ ಊರಿಗೆ ಬರುವುದೇಕೆ?

ಉತ್ತರ: ಇದೇ ಸೀಮೆಯ ಗುಮಟಾಪುರ. ದೀಪಾವಳಿ ಮುಗಿದ ಮೇಲೆ ಅಲ್ಲಿನ ಗೋರೆಹಬ್ಬದಲ್ಲಿ ಗಂಡಸರು ಬೀರೇಶ್ವರನ ಗುಡಿಯ ಬಳಿ ಸಗಣಿ ಗುಡ್ಡೆಹಾಕಿ ಒಬ್ಬರಿಗೊಬ್ಬರು ಎರಚಾಡುತ್ತಾರೆ. ದೃಶ್ಯ ಫಾರ್ವರ್ಡ್ ಆಗುತ್ತದೆ, ಸಗಣಿ ಆಗುವುದಿಲ್ಲ. ಬೆನ್ನಿಗೆ ಬಡಿದ ಉಂಡೆ ಯಾರ ಕೈಯದೆಂದು ತಿರುಗಿ ನೋಡಲು ಬೆನ್ನು ಸ್ವತಃ ಹಾಜರಿರಬೇಕು. ಚಿತ್ರೀಕರಿಸುತ್ತ ನಿಂತವರ ಮೊಬೈಲಿಗೂ ಉಂಡೆ ತಾಗಬಹುದೆಂಬುದನ್ನು ಮುಂದಿನ ಅಧ್ಯಾಯದಲ್ಲಿ ಸಚಿತ್ರವಾಗಿ ಪ್ರತಿಪಾದಿಸಲಾಗುವುದು. ಚಿತ್ರಗಳೆಲ್ಲ ಆ ಮೊಬೈಲಿನಲ್ಲೇ ಇವೆ, ಮೊಬೈಲು ರಿಪೇರಿಯಲ್ಲಿದೆ.