ಸುಲ್ತಾನನ ಸ್ಲೋ ಲೋಕಲ್

ಮುಂಬಯಿಯಲ್ಲಿ ಕನ್ನಡ ನಾಟಕದ ವಿಮರ್ಶೆ ಬರೆಯುವವನಿಗೆ ಇರುವ ದೊಡ್ಡ ಸಂಕಟವೆಂದರೆ ಸೆಂಟ್ರಲ್ ರೈಲ್ವೆ. ಬೆಂಗಳೂರಿನ ವಿಮರ್ಶಕ ನಾಟಕ ಮುಗಿದೊಡನೆ ಸ್ಕೂಟರ್ ಹತ್ತಿ ಕತ್ತಲಲ್ಲಿ ಮಾಯವಾಗಬಲ್ಲ. ಮಾಟುಂಗದಲ್ಲಿ ನಾಟಕ ನೋಡಿದವನು ನಾಯಕ, ನಾಯಕಿ, ಹಾರ್ಮೋನಿಯಂ ಪೆಟ್ಟಿಗೆ ಸಮೇತ ಒಂದೇ ಡಬ್ಬಾದಲ್ಲಿ ಮನೆ ಸೇರಬೇಕು.

ಆ ರಾತ್ರಿಯ ನಾಟಕ ‘ತುಘಲಕ್’. ಇದೇ ಹಳಿಯಲ್ಲಿ ಮುಂದೆ ಸಿಗುವ ನೇರಳದ ನೆತ್ತಿಯ ಮಾಥೇರಾನಿನಲ್ಲಿ 1938ರಲ್ಲಿ ಹುಟ್ಟಿದ ಕಾರ್ನಾಡರದು. ಆರೂವರೆಗೆ ಎಂದದ್ದು ಶುರುವಾದದ್ದು ಎಂಟಕ್ಕೆ. ನಡುವೆ ಸಭಾ ಕಾರ್ಯಕ್ರಮ. ಶಾಲು, ಹಣ್ಣಿನ ಬುಟ್ಟಿ, ಮತ್ತೆ ಶಾಲು. ಹೋದ ತಿಂಗಳು ಹೊದಿಸಿಕೊಂಡವರು ಈ ತಿಂಗಳು ಹೊದಿಸುತ್ತಾರೆ. ಶಾಲೂ ಅದೇ ಇರಬೇಕೆಂದು ನನ್ನ ಗುಮಾನಿ. ‘ಎರಡೇ ಮಾತು’ ಎಂದು ಮೈಕು ಹಿಡಿದವರನ್ನು ಕೆಳಗಿಳಿಸುವುದು ದಿಲ್ಲಿಯ ಸುಲ್ತಾನನಿಂದಲೂ ಆಗಲಿಲ್ಲ. ಆತ ಪರದೆಯ ಸಂದಿಯಿಂದ ಕೈಗಡಿಯಾರ ತೋರಿಸುತ್ತಿದ್ದುದನ್ನು ನಾನೇ ಕಂಡೆ. ಹದಿಮೂರು ದೃಶ್ಯಗಳ ನಾಟಕದ ದ್ವಿತೀಯಾರ್ಧವನ್ನು ಕೊನೆಯ ಗಾಡಿ ಹಿಡಿಯುವ ವೇಗದಲ್ಲಿ ಆಡಿ ಮುಗಿಸಿದರು.

ಮಾಟುಂಗ ಸ್ಟೇಷನ್ನಿನಲ್ಲಿ ಜನ ನನ್ನನ್ನು ಡೊಂಬಿವಲಿ ಸ್ಲೋಗೆ ಒತ್ತಿ ತುಂಬಿದರು. ಎದುರಿಗೆ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ, ಸುಲ್ತಾನ! ಗಡ್ಡದ ಎಡಭಾಗ ಕಿತ್ತು ಬಂದಿತ್ತು, ಬಲಭಾಗ ಅಂಟಿನ ಮೇಲಿನ ನಿಷ್ಠೆಯಿಂದ ಕಚ್ಚಿಕೊಂಡಿತ್ತು. 1970ರಲ್ಲಿ ಅಲೀಕ್ ಪದಮ್‌ಸೀ ಇದೇ ಊರಲ್ಲಿ ಇದನ್ನು ಇಂಗ್ಲಿಷಿನಲ್ಲಿ ಆಡಿಸಿದಾಗ ತುಘಲಕನಾದವರು ಕಬೀರ್ ಬೇಡಿ, ಆರಡಿ ಮೀರಿದ ಆಳು. ನಮ್ಮವನು ಬ್ಯಾಂಕಿನ ಗುಮಾಸ್ತ. ದಿಲ್ಲಿಯನ್ನೇ ದೌಲತಾಬಾದಿಗೆ ಸಾಗಿಸಿದವನಿಗೆ ಈಗ ಸ್ವಂತ ಬಲಗೈಯನ್ನು ಸೊಂಟದಿಂದ ಗಲ್ಲದವರೆಗೆ ಸಾಗಿಸಲು ಆಗುತ್ತಿರಲಿಲ್ಲ.

‘ಹೇಗಿತ್ತು?’ ಎಂದ.

‘ಬೆಳಕು ಪೂರಕವಾಗಿತ್ತು’ ಎಂದೆ. ಕರೆಂಟು ಹೋದರೂ ನಾವು ಹೀಗೆಯೇ ಬರೆಯುವುದು.

‘ಮತ್ತೆ?’ ಸಾಯನ್ ಬಂತು.

‘ಸಂಗೀತ ಹಿತಮಿತ.’

‘ನಾನು?’ ಕುರ್ಲಾ ಬಂತು. ಇಳಿದವರಿಗಿಂತ ಹತ್ತಿದವರು ಹೆಚ್ಚು. ಇದ್ದ ಒಂದಿಂಚು ಅಂತರವೂ ಮುಗಿದು ಅರ್ಧ ಗಡ್ಡ ನನ್ನ ಮೂಗಿನೊಳಕ್ಕೇ ಬಂತು. ಕಚಗುಳಿ. ತಡೆದೆ. ವಿದ್ಯಾವಿಹಾರದವರೆಗೂ ತಡೆದೆ. ಆಮೇಲೆ ಸೀನಿದೆ. ರಾಜಮುಖಕ್ಕೇ ಸೀನಿದ ವಿಮರ್ಶಕ ಮುಂಬಯಿ ಕನ್ನಡ ರಂಗಭೂಮಿಯಲ್ಲಿ ನನ್ನ ಹೊರತು ಇನ್ನೊಬ್ಬನಿರಲಾರ. ಆತ ಒರೆಸಿಕೊಳ್ಳಲಿಲ್ಲ, ಕೈ ಎಲ್ಲಿತ್ತು? ‘ಇದನ್ನು ಅಭಿಪ್ರಾಯ ಅಂತ ತಗೊಳ್ಳಲೇ?’ ಎಂದ.

ಪಕ್ಕದಲ್ಲಿ ನೇತಾಡುತ್ತಿದ್ದ ಮರಾಠಿ ಗೃಹಸ್ಥರು ಏನು ಸಮಾಚಾರವೆಂದು ವಿಚಾರಿಸಿದರು. ‘ಇವರು ಕ್ರಿಟಿಕ್. ನನ್ನ ಆ್ಯಕ್ಟಿಂಗ್ ಬಗ್ಗೆ ಬಾಯಿ ಬಿಡ್ತಿಲ್ಲ’ ಎಂದು ಸುಲ್ತಾನ ಮರಾಠಿಯಲ್ಲೇ ದೂರು ಕೊಟ್ಟ. ಘಾಟ್ಕೋಪರ್ ಹೊತ್ತಿಗೆ ಇಡೀ ಡಬ್ಬಾ ಅವನ ಪಕ್ಷ. ಭಜನೆಯವರು ತಾಳ ನಿಲ್ಲಿಸಿದರು. ಬಾಗಿಲ ಕಂಬಕ್ಕೆ ಜೋತಿದ್ದ ಹುಡುಗನೊಬ್ಬ, ‘ಅಚ್ಛಾ ಥಾ ಬೋಲ್ ದೋ ನಾ ಅಂಕಲ್, ಕ್ಯಾ ಜಾತಾ ಹೈ!’ ಎಂದು ಕೂಗಿದ.

‘ಕಿತೀ ಪ್ರಯೋಗ ಝಾಲೇ?’ ಗೃಹಸ್ಥರು ಕೇಳಿದರು.

‘ಒಂದು.’

‘ಮುಂದಿನದು ಯಾವಾಗ?’

‘ಇಲ್ಲ.’

ಅವರಿಗೆ ಅರ್ಥವಾಗಲಿಲ್ಲ. ಹೇಗಾದೀತು? 2022ರ ನವೆಂಬರಿನಲ್ಲಿ ಮರಾಠಿ ನಟ ಪ್ರಶಾಂತ ದಾಮ್ಲೆ ತಮ್ಮ 12,500ನೆಯ ಪ್ರಯೋಗ ಆಡಿದ್ದು ಮಾಟುಂಗದ ಪಕ್ಕದ ಷಣ್ಮುಖಾನಂದ ಸಭಾಗೃಹದಲ್ಲೇ. ಮರಾಠಿಯಲ್ಲಿ ವಿಮರ್ಶೆ ಓದಿ ಜನ ಟಿಕೆಟ್ ಕೊಳ್ಳುತ್ತಾರೆ, ಇಲ್ಲವೇ ಕೊಳ್ಳುವುದಿಲ್ಲ. ನಮ್ಮವರು ತಿಂಗಳುಗಟ್ಟಲೆ ಆಫೀಸು ಮುಗಿಸಿ ತಾಲೀಮು ಮಾಡಿ ಒಂದು ಸಂಜೆ ಆಡುತ್ತಾರೆ. ನನ್ನ ವಿಮರ್ಶೆ ಅಚ್ಚಾಗುವ ಹೊತ್ತಿಗೆ ನಾಟಕವೇ ಇರುವುದಿಲ್ಲ. ಆಡಿದವರ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಹಾಗಾದರೆ ನಾನು ಬರೆಯುವುದು ಈ ಅರ್ಧ ಗಡ್ಡದವನೊಬ್ಬನಿಗಾಗಿ. ಅವನಿಗೂ ‘ಬೆಳಕು ಪೂರಕ’ ಎಂದರೆ?

ಠಾಣೆಯಲ್ಲಿ ಡಬ್ಬಾ ತುಸು ಸಡಿಲವಾಯಿತು. ಹೇಳಿಯೇಬಿಟ್ಟೆ: ‘ಮೊದಲರ್ಧದಲ್ಲಿ ನೀವು ಸುಲ್ತಾನ. ಆಮೇಲೆ ಗಾಡಿ ತಪ್ಪೀತೆಂದು ಹೆದರಿದ ಪ್ಯಾಸೆಂಜರ್.’

ಆತ ಬಿಡುಗಡೆಯಾದ ಕೈಯಿಂದ ಉಳಿದ ಗಡ್ಡವನ್ನು ಚರ್ರೆಂದು ಕಿತ್ತು ಜೇಬಿಗಿಳಿಸಿದ. ‘ಹೌದು’ ಎಂದ. ಆಮೇಲೆ, ‘ನಿಮ್ಮ ಹೋದ ಸಲದ ವಿಮರ್ಶೆ ಓದಿದ್ದೇನೆ.’

ತಡೆಯಲಾಗಲಿಲ್ಲ. ‘ಹೇಗಿತ್ತು?’ ಎಂದೆ.

ಕಳವಾ ದಾಟುವವರೆಗೂ ಯೋಚಿಸಿದ. ‘ಅಕ್ಷರಜೋಡಣೆ ಪೂರಕವಾಗಿತ್ತು’ ಎಂದ.