ಅಂಬಾಸಿಡರ್ ಸಂದು ಮೀಮಾಂಸೆ

ವಿಘ್ನನಿವಾರಕನಿಗೂ ಗ್ರೀಸ್ ಗನ್ನಿಗೂ ನಮಸ್ಕರಿಸಿ ಈ ಗ್ರಂಥವನ್ನು ಆರಂಭಿಸುತ್ತೇವೆ. ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಬೇಕಲ್ಲ? ವಿಷಯ: ಅಂಬಾಸಿಡರ್ ಕಾರಿನ ಮುಂಗಾಲಿನ ಸಂದು. ಅಧಿಕಾರಿ: ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಒಮ್ಮೆಯಾದರೂ ತಪ್ಪು ಟೈರಾಡ್ ಎಂಡ್ ಕೊಂಡು ತಂದವನು. ಪ್ರಯೋಜನ: ತಿರುವು ಬಂದಾಗ ಕಾರೂ ತಿರುಗುವುದು. ಸಂಬಂಧ: ಮೇಸ್ತ್ರಿಗೂ ನಮಗೂ ಇರುವಂಥದು, ಅಂದರೆ ಸಾಲದ್ದು.

ಸಂದು ಇರಬೇಕಾದಲ್ಲಿ ಇಲ್ಲ, ಇರಬಾರದಲ್ಲಿ ಧಾರಾಳ. ಇದೇ ಈ ದರ್ಶನದ ಮೂಲ ಸಂಕಟ. ಸ್ಟೇರಿಂಗಿನ ಮಾತನ್ನು ಚಕ್ರಕ್ಕೆ ಒಯ್ಯುವ ಟೈರಾಡು ಪಕ್ಕದ ಕಬ್ಬಿಣಕ್ಕೆ ಮೈ ಉಜ್ಜುತ್ತಿರುತ್ತದೆ. ಅದರ ತುದಿಯ ಗುಂಡಿಗೂ ಬಟ್ಟಲಿಗೂ ನಡುವೆ ಮಾತ್ರ ಸಂಸಾರ ಹೂಡುವಷ್ಟು ಜಾಗ. ಸ್ಟೇರಿಂಗು ಗೇಣುದ್ದ ತಿರುಗಿದ ಮೇಲೆ ಚಕ್ರಕ್ಕೆ ಸುದ್ದಿ ಮುಟ್ಟುತ್ತದೆ.

ಇನ್ನು ಗುರುಪರಂಪರೆ. ತಿರುವಿನಲ್ಲಿ ಒಳಚಕ್ರ ಹೊರಚಕ್ರಕ್ಕಿಂತ ಹೆಚ್ಚು ಹೊರಳಬೇಕೆಂಬ ತತ್ತ್ವವನ್ನು ಕುದುರೆಗಾಡಿಗೆ ಅಳವಡಿಸಿದವನು ಮ್ಯೂನಿಕ್‌ನ ಗಾಡಿ ಕಟ್ಟುವವ ಲಾಂಕೆನ್‌ಸ್ಪೆರ್ಗರ್. ಲಂಡನ್ನಿನಲ್ಲಿ 1818ರಲ್ಲಿ ಪೇಟೆಂಟ್ ಪಡೆದವನು ಅವನ ಏಜೆಂಟ್ ಆಕರ್‌ಮನ್. ಜಗತ್ತು ಇಂದಿಗೂ ಅದನ್ನು ಆಕರ್‌ಮನ್ ತತ್ತ್ವವೆಂದೇ ಕರೆಯುತ್ತದೆ. ಏಜೆಂಟರ ಮಹಿಮೆ ಆರ್‌ಟಿಒ ಕಚೇರಿ ಹುಟ್ಟುವ ಮೊದಲೇ ಸ್ಥಾಪಿತವಾಗಿತ್ತು. ನಮ್ಮ ಅಂಬಾಸಿಡರು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕುಡಿ. ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಯಿತು. ಸ್ಟೇರಿಂಗಿಗೆ ರ್‍ಯಾಕ್ ಮತ್ತು ಪಿನಿಯನ್, ಮುಂದುಗಡೆ ಸುರುಳಿ ಸ್ಪ್ರಿಂಗಿನ ಬದಲು ತಿರುಚಿಕೊಂಡು ಭಾರ ಹೊರುವ ಟಾರ್ಷನ್ ಬಾರ್.

ಈಗ ಪೂರ್ವಪಕ್ಷ. ಗ್ರೈಂಡಿಂಗ್ ಮತದವರು ತಾಗುವ ಜಾಗವನ್ನು ಉಜ್ಜಿ ತೆಗೆಯಿರಿ ಎನ್ನುತ್ತಾರೆ. ಚಕ್ರಕ್ಕೂ ಚಾಲಕನಿಗೂ ನಡುವಿನ ಏಕೈಕ ಮಧ್ಯಸ್ಥನನ್ನೇ ಸವೆಸಿದರೆ ನಾಳೆ ರಾಜಿ ಮಾಡಿಸುವವರು ಯಾರು? ವಾಷರ್ ಮತ ಇದಕ್ಕಿಂತ ಸೂಕ್ಷ್ಮ, ಆದ್ದರಿಂದ ಹೆಚ್ಚು ಅಪಾಯಕಾರಿ. ಟೈರಾಡ್ ಎಂಡಿನ ಟೇಪರ್ ಕಡ್ಡಿ ಚಕ್ರದ ತೋಳಿನ ಸವೆದ ತೂತಿನಲ್ಲಿ ಅಗತ್ಯಕ್ಕಿಂತ ಆಳಕ್ಕೆ ಇಳಿದುಬಿಡುತ್ತದೆ; ಸ್ಪ್ಲಿಟ್ ಪಿನ್ನಿನ ರಂಧ್ರ ನಟ್ಟಿನ ಕಚ್ಚುಗಳನ್ನು ದಾಟಿ ಮೇಲೆ ನಿಲ್ಲುತ್ತದೆ. ಆಗ ಅವರು ಒಂದು ವಾಷರ್ ತುರುಕಿ ಪಿನ್ ಹೊಂದಿಸಿ ಕೃತಕೃತ್ಯರಾಗುತ್ತಾರೆ. ಇದು ಜ್ವರ ಬಂದವನನ್ನು ಬಿಟ್ಟು ಥರ್ಮಾಮೀಟರಿಗೆ ಮಾತ್ರೆ ಕೊಟ್ಟಂತೆ. ಹಿಡಿತ ಕೊಡಬೇಕಾದ್ದು ಟೇಪರ್. ನಟ್ಟು ಅದನ್ನು ಕಾಯುತ್ತದೆ, ಪಿನ್ನು ನಟ್ಟನ್ನು ಕಾಯುತ್ತದೆ. ತೂತು ಸವೆದಿದ್ದರೆ ತೋಳು ಬದಲಿಸಿ, ಟೇಪರ್ ಬೇರೆಯದಾದರೆ ಎಂಡನ್ನು ಅಂಗಡಿಗೆ ಹಿಂತಿರುಗಿಸಿ. ಮೂರನೆಯದು ಗ್ಯಾಸ್ ಹಚ್ಚಿ ಬಗ್ಗಿಸುವ ಮತ. ಅದನ್ನು ನಾವು ಖಂಡಿಸಬೇಕಾಗಿಲ್ಲ, ಹೆದ್ದಾರಿಯೇ ಖಂಡಿಸುತ್ತದೆ.

ಸಿದ್ಧಾಂತ ಹೀಗಿದೆ. ತಾಗುವುದು ರೋಗವಲ್ಲ, ಲಕ್ಷಣ. ಟಾರ್ಷನ್ ಬಾರ್ ದಣಿದು ಮೂತಿ ಕುಸಿದಿದೆಯೇ, ಬುಷ್‌ಗಳು ಕೊಳೆತಿವೆಯೇ, ಅಳಿಯ ಆಸೆಪಟ್ಟು ಅಗಲ ಟೈರು ಹಾಕಿಸಿದ್ದಾನೆಯೇ ಎಂದು ಮೊದಲು ನೋಡಬೇಕು. ಎತ್ತರ ಸರಿಹೋಗದೆ ಸಂದು ಅಳೆಯುವುದು ವ್ಯರ್ಥ.

ಆಮೇಲೆ ನವಸ್ಥಿತಿ ಪರೀಕ್ಷೆ. ಚಕ್ರ ನೇತಾಡುವಾಗ, ಕಾರು ನೆಲದ ಮೇಲೆ ಭಾರ ಬಿಟ್ಟಾಗ, ರಬ್ಬರ್ ಸ್ಟಾಪ್ ಮುಟ್ಟುವಷ್ಟು ಕುಗ್ಗಿದಾಗ: ಹೀಗೆ ಮೂರು ಎತ್ತರ. ಪ್ರತಿಯೊಂದರಲ್ಲೂ ನೇರ, ಪೂರ್ತಿ ಎಡ, ಪೂರ್ತಿ ಬಲ. ಒಟ್ಟು ಒಂಬತ್ತು. ಮೂರನೆಯ ಎತ್ತರ ಸಿದ್ಧಿಸಲು ಗ್ಯಾರೇಜಿನ ಹುಡುಗರನ್ನು ಮುಂಭಾಗದ ಮೇಲೆ ಕೂರಿಸುವ ಸಂಪ್ರದಾಯವಿದೆ. ಅವರ ಟೀ ಖರ್ಚನ್ನು ಶಾಸ್ತ್ರ ಹೊರುವುದಿಲ್ಲ. ಅನುಮಾನವಿರುವ ಜಾಗಕ್ಕೆ ಒಂದು ಉಂಡೆ ಚಪಾತಿ ಹಿಟ್ಟು ಅಂಟಿಸಿ ಸ್ಟೇರಿಂಗ್ ತಿರುಗಿಸಬೇಕು. ಹಿಟ್ಟು ಚಪ್ಪಟೆಯಾಗಿ ಉಳಿದರೆ ಅದರ ದಪ್ಪವೇ ನಿಮ್ಮ ಸಂದು. ಹರಿದು ಲೋಹ ಇಣುಕಿದರೆ ಸಂದಿಲ್ಲ, ಚಪಾತಿಯೂ ಇಲ್ಲ.

ಹಳೆಯ ಎಂಡ್ ಬಿಡಿಸಲು ಕಡ್ಡಿಯ ತಲೆಗೆ ಬಡಿಯುವವರು ಅದರ ತಿರುಪಿನ ಮರೆಯನ್ನು ಕಳೆದುಕೊಳ್ಳುತ್ತಾರೆ. ನಟ್ಟನ್ನು ಎರಡು ಸುತ್ತು ಉಳಿಸಿ, ತೋಳಿನ ಕಣ್ಣಿನ ಎರಡೂ ಪಕ್ಕಕ್ಕೆ ಎರಡು ಸುತ್ತಿಗೆಗಳಿಂದ ಏಕಕಾಲಕ್ಕೆ ಹೊಡೆದರೆ ಟೇಪರ್ ತಾನೇ ಸಡಿಲವಾಗುತ್ತದೆ. ಹೊಸದನ್ನು ಕೂರಿಸಿದ ಮೇಲೆ ಎರಡೂ ಟೈರಾಡುಗಳ ಉದ್ದ ಸಮ ಮಾಡಿ ಅಲೈನ್‌ಮೆಂಟ್ ಮಾಡಿಸುವುದು. ಒಂದೇ ಕಡೆ ತಿರುಗಿಸಿದರೆ ಸ್ಟೇರಿಂಗ್ ಚಕ್ರ ಓರೆಯಾಗಿ ನಿಂತು, ನೇರ ರಸ್ತೆಯಲ್ಲೂ ತಿರುವಿನ ಭ್ರಮೆ ಹುಟ್ಟಿಸುತ್ತದೆ.

ಕಡೆಯದಾಗಿ ಓದುಗರಲ್ಲಿ ವಿನಂತಿ: ಜಾಕಿಯನ್ನು ಮಾತ್ರ ನಂಬಿ ಕಾರಿನಡಿ ಹೋಗಬೇಡಿ, ಸ್ಟ್ಯಾಂಡ್ ಇಟ್ಟುಕೊಳ್ಳಿ. ಈ ಗ್ರಂಥಕ್ಕೆ ಎರಡನೆಯ ಸಂಪುಟವಿದೆ, ಅದನ್ನು ಓದಲು ನೀವು ಇರಬೇಕು.